ಚರಗಕ್ಕಿಂತ ಮೊದಲು ಕೆಂಪಾದ ಹಣ್ಣು

ಅಕ್ಕನ ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ಉಗುರುಗಳು ಇಕ್ಕಳದ ಬಾಯಿಯಂತೆ ಓರೆಯಾಗಿ ಬೆಳೆದಿದ್ದವು. ಉಳಿದ ಉಗುರುಗಳನ್ನೆಲ್ಲ ಬುಡದವರೆಗೆ ಕತ್ತರಿಸಿಕೊಳ್ಳುತ್ತಿದ್ದವಳು ಈ ಎರಡನ್ನು ಮಾತ್ರ ಮಕ್ಕಳಂತೆ ಜೋಪಾನ ಮಾಡುತ್ತಿದ್ದಳು. ಹಿಟ್ಟು ನಾದಿದರೆ ಅವುಗಳ ಸಂದಿಯಲ್ಲಿ ಹಿಟ್ಟು, ಹೊಲಕ್ಕೆ ಹೋದರೆ ಮಣ್ಣು. ನಮ್ಮ ಮನೆಯ ಪ್ರತಿಯೊಂದು ಜೋಳದ ರೊಟ್ಟಿಯ ಅಂಚಿನಲ್ಲೂ ಉಗುರು ಊರಿದ ಎರಡು ಗೆರೆ ಇರುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಅಂಚನ್ನು ಮುರಿದು ತಟ್ಟೆಯ ಪಕ್ಕಕ್ಕೆ ಇಟ್ಟದ್ದನ್ನು ನೋಡಿ, "ಅದರಾಗೇನ ವಿಷ ಐತೇನ? ತಿನ್ನು" ಅಂದಳು. ತಿಂದೆ. ಆಕೆ ಹೇಳಿದ್ದನ್ನು ಮಾಡದೆ ಇರುವುದು ಆ ಮನೆಯಲ್ಲಿ ಯಾರಿಗೂ ಸಾಧ್ಯವಿರಲಿಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ಹಿರಿಯ ನೆಗೆಣ್ಣಿ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಮೂರು ಹೊತ್ತೂ ಅನ್ನ ಉಂಡು ಬೆಳೆದ ನಾನು ಯಲಬುರ್ಗಾ ಕಡೆಯ ಈ ಮಂಗಳೂರಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ಅತ್ತೆ ಇರಲಿಲ್ಲ. ಅತ್ತೆಯ ಕೆಲಸವನ್ನೆಲ್ಲ ಅಕ್ಕನೇ ವಹಿಸಿಕೊಂಡಿದ್ದಳು, ಬೈಯುವುದನ್ನು ಸ್ವಲ್ಪ ಹೆಚ್ಚಾಗಿಯೇ. ನಾನು ಬಿ.ಎಡ್. ಮಾಡಿಕೊಂಡು ಪಕ್ಕದ ಊರಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅದು ಆಕೆಯ ದೃಷ್ಟಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವ ಒಂದು ಸಣ್ಣ ಚಟ, ಅಷ್ಟೆ. ಉಳಿದ ಹೊತ್ತಿಗೆ ನಾನು ಆಕೆಯ ಆಳು.

ಆ ಉಗುರುಗಳಿಗೆ ಕಾರಣ ಕ್ರಾಸಿಂಗ್. ಕುಷ್ಟಗಿ, ಕೊಪ್ಪಳದ ಹೆಣ್ಣುಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಬೀಜದ ಕಂಪನಿಗಳು ನಮ್ಮ ಕಡೆಯ ಹೊಲಗಳಲ್ಲಿ ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡಿಸುತ್ತವೆ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಬಿಡಿಸಿ, ಅದರೊಳಗಿನ ಗಂಡು ಭಾಗವನ್ನು ಚಿವುಟಿ ತೆಗೆದು, ಮರುದಿನ ಬೇರೆ ತಳಿಯ ಹೂವಿನ ಪುಡಿಯನ್ನು ಮುಟ್ಟಿಸಿ ಬರುವುದು ಹೆಂಗಸರ ಕೆಲಸ. ಉಳಿದವರು ಚಿಮಟ ಹಿಡಿದು ಮಾಡುವುದನ್ನು ಅಕ್ಕ ಉಗುರಿನಲ್ಲಿ ಮಾಡುತ್ತಿದ್ದಳು. ಮದುವೆಗೆ ಮುಂಚಿನಿಂದಲೂ ಮಾಡಿದವಳು. ಆದರೆ ಆ ಕಾಯಿ ಹಣ್ಣಾದ ಕೂಡಲೇ ಕಂಪನಿಯವರು ಬೀಜ ತೆಗೆಸಿ ಚೀಲ ಹೊಲಿದು ಒಯ್ಯುತ್ತಿದ್ದರು. ಆ ಬೀಜ ಯಾವ ಊರಿನಲ್ಲಿ ಬಿತ್ತನೆಯಾಯಿತು, ಅದರಿಂದ ಎಂಥ ಗಿಡ ಬಂತು, ಯಾರು ತಿಂದರು, ಒಂದೂ ಕ್ರಾಸಿಂಗ್ ಮಾಡಿದವರಿಗೆ ಗೊತ್ತಾಗುವುದಿಲ್ಲ.

"ಎಷ್ಟ ಹೂವಿನ ಲಗ್ನ ಮಾಡೀನಿ ತಂಗಿ, ಒಂದರ ಸಂಸಾರನೂ ನೋಡಲಿಲ್ಲ" ಎಂದು ಒಮ್ಮೆ ಅಂದಿದ್ದಳು. ಅಕ್ಕಿ ಆರಿಸುತ್ತ, ತಲೆ ಎತ್ತದೆ. ಆಕೆ ದೂರುವ ದನಿಯಲ್ಲಿ ಆಡಿದ ಮಾತು ನಾನು ಕೇಳಿದ್ದು ಅದೊಂದೇ. ಉಳಿದದ್ದೆಲ್ಲ ಹುಕುಂ.

ಸ್ಟ್ರಾಬೆರಿ ಮನೆಗೆ ಬಂದದ್ದು ಭಾವನಿಂದ. ಭಾವ, ಅಂದರೆ ಅಕ್ಕನ ಗಂಡ, ಯಾರದೋ ಜೊತೆ ಮಹಾರಾಷ್ಟ್ರದ ಗುಡ್ಡದ ಕಡೆ ಹೋಗಿ ಬರುವಾಗ ಒಂದು ಡಬ್ಬಿ ಹಣ್ಣು ತಂದರು. ಮಾತು ಕಡಿಮೆಯ ಮನುಷ್ಯ, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಅಕ್ಕ ಒಂದು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೀಜ ಹೊರಗೆ ಇದ್ದದ್ದು ಆಕೆಗೆ ಬಹಳ ಹಿಡಿಸಿತು. "ಇದರ ಬೀಜ ಚೀಲದಾಗ ಮುಚ್ಚಿ ಒಯ್ಯಾಕ ಬರೂದಿಲ್ಲ ನೋಡು, ಮೈಮ್ಯಾಲ ಹೊತಗೊಂಡ ಕುಂತೈತಿ" ಅಂದಳು. ನಮ್ಮ ಗ್ರಹಚಾರ ಅವತ್ತೇ ಶುರುವಾಯಿತು.

ಗುಡ್ಡದ ಕಡೆಯಿಂದ ಸಸಿ ತರಿಸಬೇಕೆಂದು ಪಾರ್ಸೆಲ್ ಹೇಳಿಸಿದ್ದು ನನ್ನ ಕೈಯಿಂದ. ಪಾರ್ಸೆಲ್ ಹೊರಟಿತು, ಎಲ್ಲಿಗೆ ಎಂದರೆ ಸಮುದ್ರದ ದಂಡೆಯ ಮಂಗಳೂರಿಗೆ. ನಾನು ತಾಲೂಕು ಬರೆದಿದ್ದೆ, ಜಿಲ್ಲೆ ಬರೆದಿದ್ದೆ, ಪಿನ್ ಕೋಡ್ ಬರೆದಿದ್ದೆ. ಆದರೂ ಅದು ಘಟ್ಟ ಇಳಿದು, ಅಲ್ಲಿಯ ಸೆಕೆಯಲ್ಲಿ ಬೆಂದು, ವಾಪಸ್ಸು ಘಟ್ಟ ಹತ್ತಿ ನಮ್ಮ ಬಾಗಿಲಿಗೆ ಬಂದಾಗ ಪೆಟ್ಟಿಗೆಯಿಂದ ನೀರು ಸೋರುತ್ತಿತ್ತು. ಅಕ್ಕ ಕೊಳೆತ ಸಸಿಗಳ ನಡುವೆ ಕೈ ಹಾಕಿ, ಹಸಿರು ಉಳಿದ ಕೆಲವನ್ನು ಎತ್ತಿಕೊಂಡಳು. "ಸಮುದ್ರ ನೋಡಿ ಬಂದಾವ. ಇವಕ್ಕ ನಮ್ಮ ಬಿಸಲ ಯಾವ ಲೆಕ್ಕ" ಅಂದಳು. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು, ಆಕೆಗೆ ತಮಾಷೆ.

ನಮ್ಮ ಬಿಸಿಲು ಲೆಕ್ಕಕ್ಕೆ ಬಂದೇ ಬಂತು. ಕೆಂಪು ಮಣ್ಣಿನ ಮಸಾರಿ ಹೊಲದ ಒಂದು ಮೂಲೆಯಲ್ಲಿ ಹಸಿರು ಪರದೆ ಕಟ್ಟಿ, ಡ್ರಿಪ್ ಎಳೆದು, ದಸರೆಯ ಹೊತ್ತಿಗೆ ಸಸಿ ಹಚ್ಚಿದ್ದಾಯಿತು. ಹೂವಾಗುವ ಹೊತ್ತಿಗೆ ಚಳಿ ಅರ್ಧ ಮುಗಿದಿತ್ತು. ಹಣ್ಣಾಗುವ ಹೊತ್ತಿಗೆ ಚಳಿಯೇ ಇರಲಿಲ್ಲ. ಶಿವರಾತ್ರಿಯ ಕಡೆಗೆ ಬಂದ ಹಣ್ಣುಗಳು ಗೋಲಿಯಷ್ಟು ಸಣ್ಣವು, ಮುಟ್ಟಿದರೆ ಮೆತ್ತಗೆ, ಬಾಯಿಗಿಟ್ಟರೆ ಹುಳಿ. ಕೊಪ್ಪಳದಲ್ಲಿ ಹಣ್ಣಿನ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ನಮ್ಮ ಪೇರಲ ಒಯ್ಯಲು ಬಂದವರು ಇದನ್ನೂ ನೋಡಿದರು. ಒಂದು ತಿಂದು, ಇನ್ನೊಂದನ್ನು ಮರ್ಯಾದೆಗೆ ತಿಂದರು.

"ಅಕ್ಕಾರ, ನಿಮ್ಮ ಮೆಹನತ್ ಭಾಳ ಐತ್ರಿ. ವಕ್ತ ಸರಿ ಇಲ್ಲ" ಅಂದರು. "ಸಂಕ್ರಾಂತಿ ಆತಂದ್ರ ಗುಡ್ಡದ ಮಾಲ ಲಾರಿಗಟ್ಟಲೆ ಬರತೈತಿ. ಅದಕಿಂತ ಮದಲ ನಿಮ್ಮ ಗಿಡ ಕೊಟ್ರ ಅಂಗಡಿ ಮುಂದ ಇಡತೀನಿ. ಈಗಿಂದು ಯಾರ ತಿಂತಾರ್ರಿ?"

ಬೇರೆ ಯಾರಾದರೂ ಆಗಿದ್ದರೆ ಗಿಡ ಕಿತ್ತು ಮೆಣಸಿನಕಾಯಿ ಹಾಕುತ್ತಿದ್ದರು. ಅಕ್ಕ ಅವರಿಗೆ ಚಹಾ ಕೊಟ್ಟು ಕಳಿಸಿ, ನನ್ನನ್ನು ಪರದೆಯೊಳಗೆ ಕರೆದುಕೊಂಡು ಹೋದಳು. ಬದುಕಿದ ಸಸಿಗಳಲ್ಲಿ ಎರಡು ತಳಿ ಇದ್ದವು. ಒಂದು ಎಲ್ಲರಿಗಿಂತ ಮೊದಲು ಹಣ್ಣು ಕೊಡುತ್ತಿತ್ತು, ಆದರೆ ಎಣಿಸಿದಷ್ಟು. ಇನ್ನೊಂದು ಹೊರಲಾರದಷ್ಟು ಹಿಡಿಯುತ್ತಿತ್ತು, ಆದರೆ ಬಿಸಿಲು ಬಂದ ಮೇಲೆ. ಮೊದಲನೆಯದಕ್ಕೆ ಅವಸರದಾಕಿ, ಎರಡನೆಯದಕ್ಕೆ ಸಾವಕಾಶದಾಕಿ ಎಂದು ಆಗಲೇ ಹೆಸರಿಟ್ಟಿದ್ದಳು.

"ಇಬ್ಬರನೂ ಕೂಡಸ್ತೀನಿ" ಅಂದಳು. "ಲಗೂ ಬರಬೇಕು, ಭಾಳ ಬರಬೇಕು. ಅಂಥಾ ಒಂದ ಗಿಡ ನಾ ಮಾಡ್ತೀನಿ. ಇದರ ಸಂಸಾರ ನಾ ನೋಡ್ತೀನಿ."

ನಾನು, "ಅದಕ್ಕ ದೊಡ್ಡ ದೊಡ್ಡ ವಿಶ್ವವಿದ್ಯಾಲಯ ಅದಾವ್ರಿ ಅಕ್ಕ" ಅಂದೆ.

"ಅದಾವಲ್ಲ. ಅವರ ಕೆಲಸ ಅವರು ಮಾಡ್ಲಿ. ನೀ ಆ ಮೊಗ್ಗಿ ಹಿಡಿ."

ಹಿಡಿದೆ. ಹಾಗೆ ಹಿಡಿದವಳು ಆಮೇಲೆ ಎಷ್ಟೋ ಚಳಿಗಾಲ ಹಿಡಿದೇ ಇದ್ದೆ. ಆಕೆ ಮೊಗ್ಗಿನ ಒಳಗನ್ನು ಉಗುರಿನಲ್ಲಿ ಬಿಡಿಸುತ್ತಿದ್ದಳು, ಭಾವನ ಹಳೆಯ ಧೋತರ ಹರಿದು ಹೊಲಿದ ಬೆರಳಷ್ಟು ಚೀಲಗಳನ್ನು ನಾನು ಅದಕ್ಕೆ ಮುಸುಕಾಗಿ ಹಾಕಬೇಕಿತ್ತು. ಹಣ್ಣಾದ ಮೇಲೆ ಅದರ ಸಿಪ್ಪೆಯನ್ನು ತೆಳ್ಳಗೆ ತೆಗೆದು ಒಣಗಿಸಿ, ತಿಕ್ಕಿ, ಬೀಜ ಬಿಡಿಸುವುದು. ಆ ಬೀಜ ಮಳೆಗಾಲದವರೆಗೆ ತಣ್ಣಗೆ ಇರಬೇಕಂತೆ. ನನ್ನ ತವರಿನವರು ಕೊಟ್ಟ ಫ್ರಿಜ್ಜಿನಲ್ಲಿ ಮೊಸರಿನ ಜಾಗ ಹೋಯಿತು, ದೋಸೆ ಹಿಟ್ಟಿನ ಜಾಗ ಹೋಯಿತು. ಬೇಸಿಗೆಯಲ್ಲಿ ತಾಯಿಗಿಡಗಳ ಕುಂಡಗಳನ್ನು ಮನೆಯೊಳಗೆ ಸಾಗಿಸಬೇಕು. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ದೇವರ ಕೋಣೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮನೆದೇವರಿಗೆ ಕೂರಲು ಜಾಗವಿತ್ತು, ಕೈಮುಗಿಯುವವರಿಗೆ ಇರಲಿಲ್ಲ. ನಾನು ಬಾಗಿಲಲ್ಲಿ ನಿಂತು ಊದಿನಕಡ್ಡಿ ಬೆಳಗಬೇಕು. ಹೊಗೆ ಗಿಡಕ್ಕೆ ತಾಗುತ್ತದೆ ಎಂದು ಅದಕ್ಕೂ ಬೈಗುಳ.

ಬೀಜದಿಂದ ಬಂದ ಸಸಿಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದೇ ಹಣ್ಣಿನ ಬೀಜವಾದರೂ ಒಂದೊಂದಕ್ಕೂ ಒಂದೊಂದು ಬುದ್ಧಿ. ಅದಕ್ಕೆ ಪ್ರತಿ ಗಿಡಕ್ಕೂ ಗುರುತು ಬೇಕು. ಅಕ್ಕ ಸಂಖ್ಯೆಯನ್ನು ನಂಬುತ್ತಿರಲಿಲ್ಲ, ಬಟ್ಟೆಯ ಚೂರು ಕಟ್ಟುತ್ತಿದ್ದಳು. ಹಳದಿ ಗೆರೆಯದು, ಇಳಕಲ್ ದಡಿಯದು, ನೀಲಿ ಚುಕ್ಕಿಯದು. ಚೂರುಗಳು ಮುಗಿದಾಗ ನನ್ನ ಪೆಟ್ಟಿಗೆ ತೆಗೆದು, ಬದನೆಕಾಯಿ ಬಣ್ಣದ ನನ್ನ ಮದುವೆಯ ರವಿಕೆಯ ತೋಳು ಕತ್ತರಿಸಿದಳು. ನಾನು ಶಾಲೆಯಿಂದ ಬಂದು ಕೇಳಿದರೆ, "ಅದು ನಿನಗ ಈಗ ಹಿಡಿಯೂದಿಲ್ಲಲ್ಲ" ಅಂದಳು. ಹಿಡಿಯುತ್ತಿರಲಿಲ್ಲ, ಅದು ಬೇರೆ ಮಾತು. ಎರಡು ದಿನ ಆಕೆಯ ಜೊತೆ ಮಾತಾಡಲಿಲ್ಲ. ಮಾತಾಡದೆ ಇದ್ದದ್ದು ಆಕೆಯ ಗಮನಕ್ಕೇ ಬರಲಿಲ್ಲ.

ಇಷ್ಟೆಲ್ಲ ಮಾಡಿದರೂ ಹಣ್ಣು ಬೇಗ ಬರುವ ಲಕ್ಷಣ ಕಾಣಲಿಲ್ಲ. ವರ್ಷ ವರ್ಷ ಆರಿಸುತ್ತಿದ್ದಳು, ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಕೀಳುತ್ತಿದ್ದಳು, ಇಟ್ಟುಕೊಂಡವನ್ನು ಮತ್ತೆ ಒಂದಕ್ಕೊಂದು ಕೂಡಿಸುತ್ತಿದ್ದಳು. ಇಳುವರಿ ಹೆಚ್ಚುತ್ತಿತ್ತು, ಅದು ನಿಜ. ಆದರೆ ಕೆಂಪಾಗುವುದು ಮಾತ್ರ ವರ್ಷದಿಂದ ವರ್ಷಕ್ಕೆ ಹಿಂದೆ ಹಿಂದೆ ಸರಿಯುತ್ತಿತ್ತು. ಭಾವ ಗಿಡಗಳನ್ನು ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು. ಸಾಹೇಬರು ಪೇರಲ ಒಯ್ಯಲು ಬಂದಾಗ ಪರದೆಯ ಕಡೆ ನೋಡುವುದನ್ನೇ ಬಿಟ್ಟರು. ನನ್ನ ಗಂಡ ಆ ಮೂಲೆಗೆ ಕಂಪನಿಯ ಮೆಣಸಿನಕಾಯಿ ಪ್ಲಾಟು ಹಾಕೋಣ ಎಂದು ಪ್ರತಿ ಯುಗಾದಿಗೆ ಹೇಳುತ್ತಿದ್ದ. ಅಕ್ಕ, "ಇನ್ನೊಂದ ವರ್ಷ" ಅನ್ನುತ್ತಿದ್ದಳು. ಆಕೆ ಯಾರನ್ನಾದರೂ ಏನನ್ನಾದರೂ ಬೇಡಿದ್ದನ್ನು ನಾನು ನೋಡಿದ್ದು ಈ ಒಂದು ವಿಷಯದಲ್ಲಿ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಎಳ್ಳು ಅಮಾವಾಸ್ಯೆಯ ದಿನ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಎಡೆ ಮಾಡಿ, ಅದನ್ನು ಬೆಳೆಯ ಮೇಲೆ ಎರಚುತ್ತ ಹೊಲ ಸುತ್ತುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತೇವೆ. ಚರಗ ಚೆಲ್ಲುವವರೆಗೆ ಆ ಹಂಗಾಮಿನಲ್ಲಿ ಹೊಲದಿಂದ ಬಂದದ್ದನ್ನು ನಮ್ಮ ಮನೆಯವರು ತೂಗುವುದಿಲ್ಲ, ಅಳೆಯುವುದಿಲ್ಲ. ತಾಯಿ ಉಣ್ಣುವ ಮೊದಲು ಮಕ್ಕಳು ಲೆಕ್ಕ ಹಾಕಬಾರದು ಎಂದು. ತಿನ್ನಬಹುದು, ಕೊಡಬಹುದು. ಅಕ್ಕ ಕೊಡುತ್ತಿದ್ದಳು. ಹೊಲಕ್ಕೆ ಯಾವ ಹೆಣ್ಣುಮಗಳು ಬಂದರೂ, ದಾರಿಯಲ್ಲಿ ಹೋಗುವವಳನ್ನು ಕರೆದಾದರೂ, ಕುಂಕುಮ ಹಚ್ಚಿ, ಆಗ ಕೆಂಪಾಗಿದ್ದ ನಾಲ್ಕು ಹಣ್ಣು ಕಿತ್ತು ಉಡಿಗೆ ಹಾಕುತ್ತಿದ್ದಳು. ಬರಿ ಉಡಿಯಲ್ಲಿ ಕಳಿಸುವುದು ಆಕೆಗೆ ಗೊತ್ತೇ ಇರಲಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಅಡಿಗೆಮನೆಯ ತೂಕದ ಯಂತ್ರ ಹೊಲಕ್ಕೆ ಹೋಗುತ್ತಿತ್ತು. ಗಿಡಗಿಡದ ಹಣ್ಣನ್ನು ತೂಗಿ ನಾನು ಕೂಗಬೇಕು, ಅಕ್ಕ ತಲೆಯಲ್ಲಿಟ್ಟುಕೊಳ್ಳಬೇಕು. ಕಡಿಮೆ ತೂಗಿದ ಗಿಡದ ಬಟ್ಟೆಗೆ ಗಂಟು ಬೀಳುತ್ತಿತ್ತು. ಗಂಟು ಬಿದ್ದದ್ದು ತಿಪ್ಪೆಗೆ.

ಓದುವವರಿಗೆ ಈಗಾಗಲೇ ತಿಳಿದಿರಬಹುದು. ನಮಗೆ ತಿಳಿಯಲು ಅಷ್ಟು ವರ್ಷ ಬೇಕಾಯಿತು, ಯೋಚಿಸಿದರೆ ಈಗಲೂ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ತಿಳಿದದ್ದು ಅಕ್ಕ ಊರಲ್ಲಿಲ್ಲದ ಚಳಿಗಾಲದಲ್ಲಿ. ಆಕೆಯ ಮಗಳನ್ನು ಅಳವಂಡಿಗೆ ಕೊಟ್ಟಿತ್ತು. ಅವಳ ಎರಡನೆಯ ಹೆರಿಗೆಯ ಹೊತ್ತಿಗೆ ಬೀಗತಿ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ಮಗಳು ತವರಿಗೆ ಬರುವಂತಿರಲಿಲ್ಲ, ಅಕ್ಕನೇ ಬಾಣಂತನಕ್ಕೆ ಹೋಗಬೇಕಾಯಿತು. ಹೋಗುವ ದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಬದುವಿನ ಕಡೀ ಸಾಲ ಕಿತ್ತ ಬಿಡು" ಅಂದಳು. ಕಡೆಯ ಸಾಲಿನಲ್ಲಿ ಇದ್ದವು ಹಿಂದಿನ ವರ್ಷ ಗಂಟು ಬಿದ್ದ ಗಿಡಗಳು. ಜೀವ ಇರುವ ಯಾವುದನ್ನೂ ತಿಪ್ಪೆಗೆ ಹಾಕಲು ಭಾವನಿಗೆ ಮನಸ್ಸು ಬರುವುದಿಲ್ಲ. ಅವರು ಆ ಗಿಡಗಳು ಬಳ್ಳಿ ಚಾಚಿ ಬಿಟ್ಟ ಮರಿಗಳನ್ನು ಗುಟ್ಟಾಗಿ ಬೇಸಿಗೆ ದಾಟಿಸಿ, ಬದುವಿನ ಪಕ್ಕದಲ್ಲಿ ಊರಿದ್ದರು. ಬಟ್ಟೆಯ ಚೂರುಗಳನ್ನೂ ಕಟ್ಟಿದ್ದರು. ಅಕ್ಕ ಕಂಡುಹಿಡಿದು ಅವರಿಗೆ ಮಾಡಿದ ಮಂಗಳಾರತಿ ಬೀದಿಗೆಲ್ಲ ಕೇಳಿಸಿತ್ತು.

ನಾನು ಕೀಳಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಇತ್ತು, ಮನೆಯಲ್ಲಿ ಆಕೆಯ ಕೆಲಸವೂ ನನ್ನ ತಲೆಗೆ ಬಿದ್ದಿತ್ತು. ದಿನಾ ಸಂಜೆ ಫೋನು ಬೇರೆ. "ಕಿತ್ತೇನ?" "ನಾಳೆ ಕೀಳ್ತೀನ್ರಿ." ಇನ್ನೂ ಒಂದು ಮಾತೆಂದರೆ, ಆ ಸಾಲಿನ ಒಂದು ಗಿಡಕ್ಕೆ ಕಟ್ಟಿದ್ದು ನನ್ನ ರವಿಕೆಯ ಚೂರು. ಚಲೋ ರವಿಕೆ ಕತ್ತರಿಸಿ ಕೆಟ್ಟ ಗಿಡಕ್ಕೆ ಕಟ್ಟಿದ್ದಾಳೆ, ಈಗ ಅದನ್ನು ನಾನೇ ಕಿತ್ತು ಒಗೆಯಬೇಕೆ ಎಂಬ ಹಟ ನನಗೆ.

ಹೆಣ್ಣುಮಕ್ಕಳು ಬರುತ್ತಿದ್ದರು. ಅಕ್ಕ ಇಲ್ಲವೆಂದು ತಿಳಿದೂ ಬರುತ್ತಿದ್ದರು. ನನಗೆ ಅಷ್ಟು ತಾಳ್ಮೆ ಎಲ್ಲಿಯದು. ಮನೆಯಲ್ಲಿದ್ದ ಬಾಳೆಹಣ್ಣು, ಒಂದು ಹಿಡಿ ಸಕ್ಕರೆ ಕೊಟ್ಟು ಕಳಿಸುತ್ತಿದ್ದೆ. ಪರದೆಯೊಳಗೆ ಯಾರನ್ನೂ ಬಿಡಲಿಲ್ಲ, ನಾನೂ ಹೋಗಲಿಲ್ಲ. ಅಮಾವಾಸ್ಯೆಗೆ ಇನ್ನೂ ಎರಡು ವಾರವಿರುವಾಗ ಭಾವ ಬಂದು ಅಂಗಳದಲ್ಲಿ ನಿಂತರು. "ಏ ತಂಗಿ, ಸ್ವಲ್ಪ ಹೊಲಕ್ಕ ಬಾ" ಅಂದರು. ಅವರಾಗಿ ಕರೆದದ್ದು ಅಪರೂಪ, ಹಾಗಾಗಿ ಹೋದೆ.

ಬದುವಿನ ಕಡೆಯ ಸಾಲು ಕೆಂಪಗಾಗಿತ್ತು. ನನ್ನ ರವಿಕೆಯ ಗಿಡವಂತೂ ಎಲೆಯ ಕೆಳಗೆಲ್ಲ ಹಣ್ಣು ಹರಡಿಕೊಂಡು ಕುಳಿತಿತ್ತು, ದಪ್ಪ ಹಣ್ಣು, ತೊಟ್ಟಿನವರೆಗೆ ಕೆಂಪು. ಅತ್ತ ಅಕ್ಕ ಆರಿಸಿ, ಮತ್ತೆ ಆರಿಸಿ, ಮುದ್ದು ಮಾಡಿ ಬೆಳೆಸಿದ ನಡುವಿನ ಸಾಲುಗಳಲ್ಲಿ ಹಸಿರು ಕಾಯಿ ಮಾತ್ರ. ನಾನು ನೋಡುತ್ತಲೇ ನಿಂತೆ. ಇಂಥ ಗಿಡಗಳು ಪ್ರತಿ ವರ್ಷವೂ ಹೀಗೇ ಕೊಟ್ಟಿದ್ದವು. ಕೊಟ್ಟದ್ದೆಲ್ಲ ತೂಕಕ್ಕೆ ಮೊದಲೇ ಊರಿನ ಹೆಂಗಸರ ಉಡಿಗೆ ಹೋಗಿತ್ತು. ಚರಗದ ಮರುದಿನ ನಾನು ತಕ್ಕಡಿ ಹಿಡಿದು ಬರುವಾಗ ಅವುಗಳ ಹತ್ತಿರ ಉಳಿದಿರುತ್ತಿದ್ದದ್ದು ಅಷ್ಟಿಷ್ಟು. ಬೇಗ ಬರುವ ಗಿಡ ಬೇಕೆಂದು ಹಂಬಲಿಸಿದವಳು ವರ್ಷ ವರ್ಷ ಬೇಗ ಬಂದ ಗಿಡವನ್ನೇ ಹುಡುಕಿ ಹುಡುಕಿ ಕಿತ್ತಿದ್ದಳು.

ಅಲ್ಲಿಂದಲೇ ಫೋನು ಮಾಡಿದೆ. ಶಾಲೆಯಲ್ಲಿ ಮಕ್ಕಳಿಗೂ ಹಾಗೆ ಬೈದವಳಲ್ಲ ನಾನು. "ನಿಮ್ಮ ಉಡಿ ತುಂಬೂ ಚಟಕ್ಕ ಇಷ್ಟ ವರ್ಷ ಮಣ್ಣಾದ್ವು ನೋಡ್ರಿ" ಅಂದೆ. ಆ ಕಡೆ ಕೂಸು ಅಳುತ್ತಿತ್ತು. ಅಕ್ಕ, "ಹಣ್ಣ ಕೀಳಬ್ಯಾಡ, ಬರ್ತೀನಿ" ಅಂದಳು.

ಮರುದಿನ ಬಾಣಂತಿಯನ್ನು ನೆರೆಮನೆಯವರ ಮೇಲೆ ಹಾಕಿ, ಮೊದಲ ಬಸ್ಸಿಗೆ ಬಂದಳು. ಮನೆಗೂ ಬರದೆ ನೇರ ಹೊಲಕ್ಕೆ. ಸೀರೆಗೆ ಬಜೆ, ಎಣ್ಣೆಯ ವಾಸನೆ. ಗಿಡದ ಮುಂದೆ ಕುಳಿತು ಹಣ್ಣುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ನಾನು ಎದುರು ಮಾತು ಬರುತ್ತದೆ ಎಂದು ಸಜ್ಜಾಗಿದ್ದೆ.

"ಎಷ್ಟ ಕಿತ್ತೀನಿ ತಂಗಿ ನಾ" ಅಂದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭಾವ ಬದುವಿನ ಮೇಲೆ ಆ ಕಡೆ ತಿರುಗಿ ನಿಂತರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಪಕ್ಕದಲ್ಲಿ ಕುಳಿತೆ. "ಇದೊಂದ ಉಳದೈತಲ್ರಿ" ಅಂದೆ.

ಸುಮ್ಮನಿರುವವಳಾಗಿದ್ದರೆ ಅವಳು ಅಕ್ಕನೇ ಅಲ್ಲ. ಮುಖ ಒರೆಸಿಕೊಂಡು ಎದ್ದವಳಿಗೆ ಹೊಸ ಚಿಂತೆ ಶುರುವಾಯಿತು. ಈ ಗಿಡ ಎಷ್ಟು ಕೊಡುತ್ತದೆ ಎಂದು ತಿಳಿಯಬೇಕಾದರೆ ಈಗಲೇ ತೂಗಬೇಕು. ಚರಗಕ್ಕೆ ಮೊದಲು ತೂಗುವಂತಿಲ್ಲ. ತೂಗಿದರೂ ಹಣ್ಣನ್ನು ಇಟ್ಟುಕೊಂಡು ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ನಾನು ಸುಲಭದ ದಾರಿ ಹೇಳಿದೆ. "ಒಂದ ವರ್ಷ ಯಾರಿಗೂ ಕೊಡಬ್ಯಾಡ್ರಿ. ಒಂದ ವರ್ಷ ತೂಗ್ರಿ. ಭೂಮಿತಾಯಿ ಏನೂ ಅನ್ನೂದಿಲ್ಲ."

"ಆಕಿ ಅನ್ನೂದಿಲ್ಲ, ಖರೆ. ನಾ ಏನಂತ ಮಕಾ ತೋರಸ್ಲಿ? ಹಣ್ಣ ಹಿಡದ ಹೊಲದಾಗ ನಿಂತು ಬರಿ ಉಡಿಲೆ ಕಳಿಸಿದ್ಲು ಅಂತಾರ."

"ಗಿಡ ಬೇಕೋ ಉಡಿ ಬೇಕೋ?"

"ಎರಡೂ ಬೇಕು" ಅಂದಳು. ಅಷ್ಟು ಹೊತ್ತಿಗೆ ನನ್ನ ತಲೆ ಸಿಡಿಯುತ್ತಿತ್ತು.

ಅಳವಂಡಿಗೆ ವಾಪಸ್ಸು ಹೋಗುವ ಬಸ್ಸಿಗೆ ಕಾಯುವಾಗ ಆಕೆಗೆ ಉಪಾಯ ಹೊಳೆಯಿತು. ಉಡಿಗೆ ಅಕ್ಕಿ ಹಾಕುವಾಗ ಐದು ಬೊಗಸೆ ಎಂದು ಅಳತೆ ಮಾಡಿಯೇ ಹಾಕುತ್ತೇವಲ್ಲ. ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ಹಾಗಾದರೆ ಉಡಿಗೆ ಹಾಕುವ ಹಣ್ಣನ್ನು ತೂಗಿದರೆ ಅದು ಬೆಳೆಯ ತೂಕವಲ್ಲ, ಉಡಿಯ ಅಳತೆ. "ತೂಗೂದು ತೂಗೂದ ಅಲ್ರಿ ಅಕ್ಕ?" ಎಂದು ನಾನು ಕೇಳಿದೆ. "ಅಲ್ಲ" ಅಂದಳು. ಬಸ್ಸು ಬಂತು, ಹತ್ತಿ ಹೋದಳು. ಆ ವರ್ಷ ಆಕೆಯ ಪರವಾಗಿ ತಕ್ಕಡಿ ಹಿಡಿದವಳು ನಾನು.

ಮರುವರ್ಷ ಆಕೆಯೇ ಹಿಡಿದಳು, ಅದನ್ನು ನೋಡಬೇಕಿತ್ತು. ಹೇಗೋ ಬೇಸಿಗೆ ದಾಟಿಸಿದ ಆ ಗಿಡದ ಮರಿಗಳು ಒಂದು ಪಾತಿಯಷ್ಟಾಗಿದ್ದವು. ಉಡಿ ಒಡ್ಡಿ ನಿಂತ ಹೆಂಗಸರನ್ನು ಬಿಸಿಲಲ್ಲಿ ಹಾಗೆಯೇ ನಿಲ್ಲಿಸಿ, ಒಂದು ಗಿಡದ ಹಣ್ಣು ಕಿತ್ತು, ತೂಗಿ, ತೂಕವನ್ನು ಎರಡು ಸಲ ಬಾಯಲ್ಲಿ ಅಂದುಕೊಂಡು, ಆಮೇಲೆ ಉಡಿಗೆ ಹಾಕುವಳು. ಅಷ್ಟರಲ್ಲಿ ಯಾರಾದರೂ ಮಾತಾಡಿದರೆ ಮರೆತುಹೋಗಿ ಮತ್ತೆ ಉಡಿಯಿಂದ ತೆಗೆದು ತೂಗುವಳು. ಉಡಿಗೆ ಹಾಕಿದ್ದನ್ನು ವಾಪಸ್ಸು ತೆಗೆಯುವುದು ಲೋಕದಲ್ಲಿ ಎಲ್ಲಾದರೂ ಉಂಟೆ. ಒಬ್ಬ ಮುದುಕಿ, "ನಾಲ್ಕ ಹಣ್ಣಿಗೆ ಬಂಗಾರ ತೂಗಿದಂಗ ತೂಗ್ತೀಯಲ್ಲ, ಕೊಡೂದಿದ್ರ ಕೊಡು, ಇಲ್ಲಂದ್ರ ಮನಿಗಿ ಹೋಗ್ತೀನಿ" ಅಂದಳು. ಅಕ್ಕ, "ನಿಂದ್ರು ಆಯಿ, ಈ ಗಿಡ ನನ್ನ ಮಗಳಿದ್ದಂಗ, ನೀ ತಿನ್ನೂದು ಆಕಿ ಫಲ" ಅಂದಳು. ನಾನು ನಾಚಿಕೆಯಿಂದ ಪರದೆಯ ಹಿಂದೆ ಹೋದೆ. ಆ ವರ್ಷ ತೂಕ ಇನ್ನೂ ಆಕೆಯ ಮನಸ್ಸಿಗೆ ಬಂದಿರಲಿಲ್ಲ. ಮರಿಗಳು ಎಳೆಯವು, ಬೇರು ಕುಂತಿಲ್ಲ ಅಂದಳು. "ಬರೂ ವರ್ಷ ಪೂರಾ ಸಾಲ ಹಚ್ಚೂಣು. ಆ ತೂಕ ಖರೆ ತೂಕ. ಸಾಹೇಬರಿಗೆ ಅದನ್ನ ತೋರಸೂಣು."

ಬರುವ ವರ್ಷ ಪೂರಾ ಸಾಲು ಹಚ್ಚಿದಳು. ದಸರೆಗೆ ಮೊದಲೇ ಸಸಿ ಊರಿದಳು, ದೀಪಾವಳಿಗೆ ಹೂವು ಕಂಡಳು. ಆಗಲೇ ಆಕೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಕೊಪ್ಪಳಕ್ಕೆ ಹೋಗಿ ತೋರಿಸಿಕೊಂಡು ಬರೋಣ ಎಂದು ನಾನು ಎಷ್ಟು ಸಲ ಹೇಳಿದೆನೋ. "ಹಣ್ಣಾಗ್ಲಿ, ಆಮ್ಯಾಲ" ಅನ್ನುವಳು. ಕೊಪ್ಪಳಕ್ಕೆ ಒಯ್ಯಿರಿ ಎಂದು ಊರಿನ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಬೇಡಿಕೊಂಡೆ, ಜಗಳ ಮಾಡಿದೆ, ಭಾವನಿಂದ ಹೇಳಿಸಿದೆ. ಆಕೆಯ ಹಟದ ಎದುರು ನಾವೆಲ್ಲ ಸೋತು ಸುಣ್ಣವಾದೆವು. ಇವತ್ತಿಗೂ ಅದನ್ನು ನೆನೆದರೆ ನನಗೆ ಆಕೆಯ ಮೇಲೆ ಸಿಟ್ಟೇ ಬರುತ್ತದೆ. ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಹೇಳಲಿಲ್ಲ, ಉಳಿಯುತ್ತಿರಲಿಲ್ಲ ಎಂದೂ ಹೇಳಲಿಲ್ಲ.

ಕಾರ್ತಿಕ ಮುಗಿದ ಮೇಲೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮುಂದೆಯೇ ಕುಸಿದಳು. ನೀರು ತರುವಷ್ಟರಲ್ಲಿ ಮುಗಿದಿತ್ತು.

ನಮ್ಮ ಪದ್ಧತಿಯಂತೆ ಆಕೆಯನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಸೀರೆ, ಕೈತುಂಬ ಬಳೆ, ಹಣೆಯ ತುಂಬ ಕುಂಕುಮ. ಗಂಡನಿಗಿಂತ ಮೊದಲು ಮುತ್ತೈದೆಯಾಗಿ ಹೋದವಳಿಗೆ ಊರಿನ ಹೆಂಗಸರೆಲ್ಲ ಬಂದು ಕಡೆಯ ಸಲ ಉಡಿ ತುಂಬಬೇಕು. ಅಕ್ಕಿ ಬಂತು, ಕೊಬ್ಬರಿ ಬಟ್ಟಲು ಬಂತು, ಅಡಿಕೆ ಎಲೆ ಬಂತು. ಯಾರೋ, ಬಾಳೆಹಣ್ಣು ತರಿಸಿರಿ ಎಂದು ಅಂದರು. ನಾನು ಎದ್ದು ಹೊಲಕ್ಕೆ ಹೋದೆ.

ಹಿಂದಿನ ಸಂಜೆ ಅಲ್ಲಲ್ಲಿ ಕೆಂಪು ತಿರುಗಿದ್ದ ಸಾಲು ಈಗ ಕೀಳುವ ಹದಕ್ಕೆ ಬಂದಿತ್ತು. ಎಳ್ಳು ಅಮಾವಾಸ್ಯೆ ಇನ್ನೂ ಎಷ್ಟೋ ದೂರ. ಇಡೀ ಸಾಲು ಕಿತ್ತೆ. ಒಂದೊಂದು ಗಿಡಕ್ಕೆ ಬಗ್ಗುವಾಗಲೂ ಆಕೆಯನ್ನು ಬೈಯುತ್ತಿದ್ದೆ. ಇಷ್ಟು ದಿನ ತಡೆದವಳಿಗೆ ಇನ್ನೊಂದು ದಿನ ತಡೆಯಲು ಆಗಲಿಲ್ಲವೆ ಎಂದು. ಕಣ್ಣು ಕಾಣಿಸುತ್ತಿರಲಿಲ್ಲ.

ಮನೆಗೆ ಬಂದು ನೇರ ಅಡಿಗೆಮನೆಗೆ ಹೋಗಿ ತೂಕದ ಯಂತ್ರವನ್ನು ಕೆಳಗಿಳಿಸಿದೆ. ಪಡಸಾಲೆಯಿಂದ, ಬಂಗಾರದ ಮಾತಾಡಿದ್ದ ಆ ಮುದುಕಿ ನೋಡಿ, "ಏನ ಮಾಡಾಕ ಹತ್ತೀಯವ್ವ? ಹೆಣಾ ಕುಂದ್ರಿಸಿ ಹಣ್ಣ ತೂಗ್ತೀಯೇನ?" ಅಂದಳು.

"ತೂಗಬೇಕ್ರಿ" ಅಂದೆ. ಭಾವ ಕಂಬದ ಹತ್ತಿರ ಕುಳಿತಿದ್ದವರು, "ತೂಗ್ಲಿ ಬಿಡ್ರಿ" ಅಂದರು. ಒಂದೇ ಸಲಕ್ಕೆ ಹಿಡಿಯಲಿಲ್ಲ, ಬಟ್ಟಲು ಬಟ್ಟಲಾಗಿ ತೂಗಿ ಕೂಡಿಸಿದೆ. ಎಲ್ಲಿ ಮರೆಯುತ್ತೇನೋ ಎಂದು ಬಾಯಲ್ಲಿ ಅಂದುಕೊಳ್ಳುತ್ತಲೇ ಪಡಸಾಲೆಗೆ ಬಂದೆ.

ಉಡಿಗೆ ಹಣ್ಣು ಹಾಕುವಾಗ ಯಾರೋ ಹೆಂಗಸು, ಹೊಲದಲ್ಲಿ ಮಣ್ಣು ಮಾಡಿದ ಮೇಲೆ ಅಲ್ಲಿ ಇದರ ಗಿಡ ಏಳುತ್ತವೆ ನೋಡು ಎಂದು ಕಣ್ಣೊರೆಸಿಕೊಂಡಳು. ಏಳುವುದಿಲ್ಲ. ಅಷ್ಟು ಆಳಕ್ಕೆ ಹಾಕಿದ ಸ್ಟ್ರಾಬೆರಿ ಬೀಜ ಮೊಳೆಯುವುದಿಲ್ಲ, ಇದ್ದಿದ್ದರೆ ಅದನ್ನು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವಳೇ ಅಕ್ಕ. ಸೆರಗಿನ ತುದಿಯನ್ನು ಹಣ್ಣಿನ ಮೇಲೆ ಮಡಚಿ ಸಿಕ್ಕಿಸಿದೆ. ಆಮೇಲೆ ಆಕೆಯ ಕಿವಿಯ ಹತ್ತಿರ ಬಗ್ಗಿ, ಮರೆಯುವ ಮೊದಲು ತೂಕ ಹೇಳಿದೆ. ನಮ್ಮ ಹೊಲದಲ್ಲಿ ಚರಗಕ್ಕಿಂತ ಮೊದಲು ಇಷ್ಟು ಹಣ್ಣು ಯಾವ ವರ್ಷವೂ ಆಗಿರಲಿಲ್ಲ. ಅದನ್ನೂ ಹೇಳಿದೆ.